ಆಂಟಿಯ ಎರಡನೇ ದನಿ

ಹೋದ ವಾರ ಅಹಮದಾಬಾದಿನ ಮೆಟ್ರೋದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಪರ್ಸಿನಿಂದ ಸಣ್ಣ ಡಬ್ಬಿ ತೆಗೆದು ಒಂದು ಲವಂಗ ಬಾಯಿಗೆ ಹಾಕಿಕೊಂಡರು. ಅಷ್ಟೇ. ಎಸಿಯ ತಣ್ಣನೆ ಗಾಳಿಯಲ್ಲಿ ಆ ವಾಸನೆ ನನ್ನ ತನಕ ಬಂತು. ನಾನು ಇಳಿಯಬೇಕಿದ್ದ ಸ್ಟೇಷನ್ ಬಂದು ಬಾಗಿಲು ತೆರೆಯಿತು, ಮುಚ್ಚಿತು. ನಾನು ಕೂತೇ ಇದ್ದೆ...

ವಡೋದರಾದ ಗೋರ್ವಾದಲ್ಲಿ ನನಗೆ ಮೇಲಿನ ಕೋಣೆ ಬಾಡಿಗೆಗೆ ಕೊಟ್ಟಿದ್ದ ಆಂಟಿಯ ಕೆನ್ನೆಯೊಳಗೆ ಸದಾ ಒಂದು ಲವಂಗ ಇರುತ್ತಿತ್ತು. ನಾನು ಹಾಸನದ ಕಡೆಯವಳು. ವಡೋದರಾದ ಒಂದು ಕೆಮಿಕಲ್ ಕಂಪನಿಯ ಲ್ಯಾಬಿನಲ್ಲಿ ಮೊದಲ ಕೆಲಸ ಸಿಕ್ಕಿ ಬಂದಿದ್ದೆ. ಆಂಟಿ ಗದಗ-ಬೆಟಗೇರಿಯವರು. ರೈಲ್ವೆಯಲ್ಲಿದ್ದ ಅಂಕಲ್ ಅವರನ್ನು ಮದುವೆಯಾಗಿ ಗುಜರಾತಿಗೆ ಬಂದು ನಲವತ್ತು ವರ್ಷವಾಗಿತ್ತು. ಅವರ ಮಾತು ಮಾತ್ರ ಬೆಟಗೇರಿಯಿಂದ ಒಂದು ಹೆಜ್ಜೆಯೂ ಆಚೆ ಬಂದಿರಲಿಲ್ಲ. ತರಕಾರಿ ಗಾಡಿಯವನ ಜೊತೆ ಗುಜರಾತಿಯಲ್ಲಿ ಚೌಕಾಸಿ ಮಾಡುವಾಗಲೂ ನಡುವೆ ಒಂದು "ಯವ್ವಾ" ಬಂದೇ ಬರುತ್ತಿತ್ತು.

ಮೊದಲ ದಿನಗಳಲ್ಲಿ ನನಗೆ ಅವರ ಒಂದು ಅಭ್ಯಾಸ ಅರ್ಥವಾಗಿರಲಿಲ್ಲ. ಬೆಳಿಗ್ಗೆ ರೊಟ್ಟಿ ಬೇಯಿಸುತ್ತ ಎಡಗಿವಿಯೊಳಗೆ ಬೆರಳಿಟ್ಟುಕೊಂಡು ಏನೋ ಹಾಡುತ್ತಿದ್ದರು. ಹಾಡೆಂದರೆ ಹಾಡೂ ಅಲ್ಲ. ಅದು ಒಂದೇ ಕಡೆ ನಿಂತಿರುತ್ತಿತ್ತು, ಸ್ವಲ್ಪ ಕೆಳಗಿಳಿಯುತ್ತಿತ್ತು, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕೇಳಿದವರಿಗೆ ನೆನಪಿನಲ್ಲಿ ಉಳಿಯುವಂಥದ್ದು ಏನೂ ಅದರಲ್ಲಿ ಇರಲಿಲ್ಲ.

"ಕಿವಿ ನೋಯ್ತಿದೆಯಾ ಆಂಟಿ? ಡಾಕ್ಟರ್ ಹತ್ರ ಹೋಗೋಣ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅವರು ಒಲೆ ಸಣ್ಣ ಮಾಡಿ ಸಾಕಾಗುವಷ್ಟು ನಕ್ಕರು. ಆಮೇಲೆ ಹೇಳಿದರು. ಬೆಟಗೇರಿಯ ಮಿಶನ್ ಕಾಂಪೌಂಡಿನಲ್ಲಿ ಜರ್ಮನ್ ಪಾದ್ರಿಗಳು ಕನ್ನಡಕ್ಕೆ ತಂದ ಗೀತೆಗಳನ್ನು ಭಾನುವಾರದ ಆರಾಧನೆಗೆ ನಾಲ್ಕು ದನಿಯಲ್ಲಿ ಹಾಡುತ್ತಿದ್ದರಂತೆ. ರಾಗ ಹಾಡುವ ಹುಡುಗಿಯರು ಎಡಕ್ಕೆ, ಎರಡನೇ ದನಿಯವರು ಅವರ ಪಕ್ಕಕ್ಕೆ. ಪಕ್ಕದ ರಾಗ ಕಿವಿಗೆ ಬಿದ್ದರೆ ಎರಡನೇ ದನಿ ಅದರ ಹಿಂದೆ ಓಡಿಹೋಗುತ್ತದೆ. ಅದಕ್ಕೇ ಕಲಿಯುವಾಗ ಎಡಗಿವಿಗೆ ಬೆರಳು. ಗಂಟಲಿಗೆ ಮಾಸ್ತರರು ಕೊಡುತ್ತಿದ್ದ ಒಂದೊಂದು ಲವಂಗ.

"ನಂದು ಎರಡನೇದು. ಇದು ಹಾಡಲ್ಲ ಯವ್ವಾ, ಹಾಡಿನ ನಡುವಿಂದು. ಮ್ಯಾಲಿಂದು ಯಾರರೆ ಹಾಡಿದ್ರ ಇದಕ್ಕ ಜೀವ ಬರ್ತದ."

"ಮೇಲಿಂದೂ ನಿಮಗೆ ಬರುತ್ತಲ್ಲ, ನೀವೇ ಹಾಡ್ಕೋಬಹುದಲ್ಲ?"

"ಎರಡೂ ಒಬ್ಬಾಕಿನ ಹಾಡಾಕ ನನಗೇನ್ ಎರಡು ಬಾಯಿ ಅದಾವೇನು?"

ವಡೋದರಾದಲ್ಲಿ ಅವರು ಹೋಗುತ್ತಿದ್ದ ಚರ್ಚಿನಲ್ಲಿ ತಬಲ, ಮಂಜೀರದೊಂದಿಗೆ ಗುಜರಾತಿ ಭಜನೆ ಹಾಡುತ್ತಿದ್ದರು. ಎಲ್ಲರದೂ ಒಂದೇ ದನಿ. ಆಂಟಿ ಅದನ್ನೂ ಖುಷಿಯಿಂದ ಹಾಡುತ್ತಿದ್ದರು. ಆದರೆ ಮನೆಗೆ ಬಂದು ಒಲೆಯ ಮುಂದೆ ನಿಂತರೆ ಮತ್ತೆ ಕಿವಿಗೆ ಬೆರಳು. "ಒಂದ್ ಸಲ ಸಾಲಿನ್ಯಾಗ ನಿಂತು ಹಾಡಬೇಕು ನೋಡು, ಕಣ್ಣು ಮುಚ್ಚೂದ್ರೊಳಗ," ಎನ್ನುತ್ತಿದ್ದರು. ಬೇರೆ ಯಾವುದಕ್ಕೂ ಅವರು ಆಸೆಪಟ್ಟದ್ದನ್ನು ನಾನು ಕಂಡಿಲ್ಲ.

ಆ ಚಳಿಗಾಲದಲ್ಲಿ ಜರ್ಮನಿಯ ಒಂದು ಕಾಲೇಜಿನ ಕ್ವಾಯರ್ ಗುಜರಾತಿಗೆ ಬಂತು. ಅಹಮದಾಬಾದ್, ವಡೋದರಾ, ಸೂರತ್, ಮೂರು ಊರುಗಳಲ್ಲಿ ಕಾರ್ಯಕ್ರಮ. ವಡೋದರಾದಲ್ಲಿ ಆ ಮಕ್ಕಳನ್ನು ಮನೆಗಳಲ್ಲಿ ಇಳಿಸಿಕೊಳ್ಳಲು ಚರ್ಚಿನಲ್ಲಿ ಕೇಳಿದ್ದರು. ಆಂಟಿ ಒಬ್ಬ ಹುಡುಗಿಯನ್ನು ಕರೆತಂದರು. ಮೂಗು, ಕೆನ್ನೆಯೆಲ್ಲ ಅಹಮದಾಬಾದಿನ ಬಿಸಿಲಿಗೆ ಕೆಂಪಾಗಿತ್ತು. ನನ್ನ ಕೋಣೆಯಲ್ಲೇ ಅವಳಿಗೆ ಹಾಸಿಗೆ. ಅವಳದು ಅರೆಬರೆ ಇಂಗ್ಲಿಷ್, ಆಂಟಿಯದು ಅದೂ ಇಲ್ಲ. ಆದರೂ ಶೇಂಗಾ ಚಟ್ನಿ ಇನ್ನೊಂದು ಸಲ ಬೇಕೆನ್ನುವುದು ನನ್ನ ಸಹಾಯವಿಲ್ಲದೆಯೇ ದಾಟಿತು.

ಮರುದಿನ ಬೆಳಿಗ್ಗೆ ಅವಳು ಟೆರೇಸಿಗೆ ಹೋಗಿ ಅಭ್ಯಾಸ ಶುರುಮಾಡಿದಳು. ನಾನು ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಆಂಟಿ ಬಡಿಯುತ್ತಿದ್ದ ರೊಟ್ಟಿಯ ಸಪ್ಪಳ ಇದ್ದಕ್ಕಿದ್ದಂತೆ ನಿಂತಿತು. ಮೇಲಿನಿಂದ ಬರುತ್ತಿದ್ದದ್ದು ಒಂದೇ ಕಡೆ ನಿಂತು, ಸ್ವಲ್ಪ ಇಳಿದು, ಮತ್ತೆ ಅಲ್ಲಿಗೇ ಬಂದು ನಿಲ್ಲುವ ಆ ಹಾಡು... ಹಾಡಲ್ಲದ ಹಾಡು.

ಹೆಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಆಂಟಿ ಮೆಟ್ಟಿಲು ಹತ್ತಿದರು. ನಾನು ಒಲೆ ಆರಿಸಿ ಹಿಂದೆಯೇ ಹೋದೆ. ಹುಡುಗಿ ನಮಗೆ ಬೆನ್ನು ಮಾಡಿ, ಎಡಗಿವಿಯಲ್ಲಿ ಬೆರಳಿಟ್ಟುಕೊಂಡು ನಿಂತಿದ್ದಳು. ಆಂಟಿಯೂ ಹಿಟ್ಟು ಮೆತ್ತಿದ ಬೆರಳನ್ನು ಕಿವಿಗಿಟ್ಟು ಕನ್ನಡದಲ್ಲಿ ಸೇರಿಕೊಂಡರು. ಅವಳು ಬೆಚ್ಚಿ ತಿರುಗಿದಳು, ಆದರೆ ನಿಲ್ಲಿಸಲಿಲ್ಲ. ಕೊನೆಯ ಸಾಲಿನ ತನಕ ಇಬ್ಬರೂ ಕಿವಿ ಮುಚ್ಚಿಕೊಂಡೇ ಒಬ್ಬರನ್ನೊಬ್ಬರು ನೋಡುತ್ತ ಹಾಡಿದರು. ಮುಗಿದ ಮೇಲೆ ಆಂಟಿ ಕಣ್ಣೊರೆಸಿಕೊಂಡು ನನ್ನನ್ನು ಕೇಳಿದ್ದು ಒಂದೇ ಮಾತು.

"ಈಕಿನೂ ನನ್ನಂಗ ಎರಡನೇದಾಕಿ. ಮ್ಯಾಲಿನಾಕಿ ಎಲ್ಲದಾಳ ಕೇಳವಾ!"

ಮೇಲಿನ ದನಿಯವರು ನಮ್ಮಿಂದ ದೂರದ ಅಲ್ಕಾಪುರಿ ಬಡಾವಣೆಯ ಮನೆಗಳಲ್ಲಿ ಇಳಿದಿದ್ದರು.

ಆ ಸಂಜೆ ಆಂಟಿ, ಅಂಕಲ್, ನಾನು ಮೂವರೂ ಕಾರ್ಯಕ್ರಮಕ್ಕೆ ಹೋದೆವು. ಆ ಗೀತೆ ಶುರುವಾದಾಗ ಆಂಟಿಗೆ ತಡೆಯಲಾಗಲಿಲ್ಲ. ಕೂತಲ್ಲೇ ಬೆರಳು ಕಿವಿಗೆ ಹೋಯಿತು, ಸಣ್ಣಗೆ ದನಿ ಹೊರಟಿತು. ಮುಂದಿನ ಸಾಲಿನವರೊಬ್ಬರು ತಿರುಗಿ, "ಮಾಸಿ, ಜರಾ ಶಾಂತಿ ರಾಖೋ ನೆ," ಎಂದು ಸುಮ್ಮನಿರಲು ಹೇಳಿದರು. ಆಂಟಿ ತಕ್ಷಣ ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಅಂಕಲ್ ಅವರ ಕೈ ಮೇಲೆ ಕೈಯಿಟ್ಟರು. ಅಷ್ಟು ಹತ್ತಿರ ಬಂದಿದ್ದ ಹಾಡು ಅವರನ್ನು ಬಿಟ್ಟು ಮುಗಿದುಹೋಯಿತು...

ಆದರೆ ನಮ್ಮ ಮನೆಯ ಹುಡುಗಿ ವೇದಿಕೆಯಿಂದ ಅದನ್ನು ನೋಡಿದ್ದಳು. ಮುಗಿದ ಕೂಡಲೇ ಕ್ವಾಯರ್ ನಡೆಸುವ ಮೇಷ್ಟ್ರನ್ನು ಕೈಹಿಡಿದು ಎಳೆದುಕೊಂಡು ಬಂದಳು. ಅವರು ಆಂಟಿಯಿಂದ ಎರಡು ಸಾಲು ಹಾಡಿಸಿ ಕೇಳಿದರು. ನಾಳೆ ಸೂರತ್ತಿಗೆ ಬನ್ನಿ, ನಮ್ಮ ಸಾಲಿನಲ್ಲಿ ನಿಂತು ನಿಮ್ಮ ಭಾಷೆಯಲ್ಲೇ ಹಾಡಿ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಆಂಟಿ ಅಂಕಲ್ ಮುಖ ನೋಡಿದರು.

"ನನ್ನೇನ್ ನೋಡ್ತಿ? ಸೂರತ್ ಏನ್ ಪರದೇಶ ಏನ? ಮುಂಜಾನಿ ಗಾಡಿಗೆ ಹತ್ತಿದ್ರ ಆತು," ಎಂದರು ಅಂಕಲ್.

ನಾನೂ ರಜೆ ಹಾಕಿ ಅವರಿಬ್ಬರ ಜೊತೆಗೆ ಹೋದೆ. ರೈಲಿನಲ್ಲಿ ಆಂಟಿ ಭರೂಚ್ ದಾಟುವ ತನಕ ಕಿವಿ ಮುಚ್ಚಿಕೊಂಡು ಬಾಯಿಪಾಠ ಮಾಡಿದರು. ಎದುರು ಕೂತಿದ್ದ ಸೀರೆ ವ್ಯಾಪಾರಿ ಮರುಕದಿಂದ ಹತ್ತಿ ತೆಗೆದುಕೊಟ್ಟ, ಕಿವಿಗೆ ಇಟ್ಟುಕೊಳ್ಳಿ ಎಂದು.

ಸೂರತ್ತಿನ ಆ ಸಭಾಂಗಣ ದೊಡ್ಡದೇನಲ್ಲ. ಕಪ್ಪು ಬಟ್ಟೆಯ ಎತ್ತರದ ಹುಡುಗಿಯರ ನಡುವೆ ಆಂಟಿಯ ಹಸಿರು ಇಳಕಲ್ ಸೀರೆ ಎದ್ದು ಕಾಣುತ್ತಿತ್ತು. ಎಡಕ್ಕೆ ಮೇಲಿನ ದನಿಯವರು, ಬಲಕ್ಕೆ ನಮ್ಮ ಮನೆಯ ಹುಡುಗಿ. ಮೇಷ್ಟ್ರು ಕೈಯೆತ್ತಿದರು. ಆಂಟಿಯ ಕೈ ಕಿವಿಯ ತನಕ ಹೋಗಿ, ಏನನ್ನೋ ನೆನೆದಂತೆ ಕೆಳಗಿಳಿಯಿತು. ಮೊದಲ ಚರಣವನ್ನು ತಲೆಯೆತ್ತಿ ಹಾಡಿದರು. ಎರಡನೇ ಚರಣದ ನಡುವೆ ಅವರ ತುಟಿ ನಿಂತಿತು. ಮುಖ ಸ್ವಲ್ಪ ಎಡಕ್ಕೆ ವಾಲಿತು. ಹಾಡು ಮುಗಿಯುವವರೆಗೂ ಅವರು ಬಾಯಿ ತೆರೆಯಲಿಲ್ಲ.

ಇಷ್ಟು ವರ್ಷ ಕಾದು, ಕೊನೆಗೆ ಮರೆತುಬಿಟ್ಟರಲ್ಲ ಎಂದುಕೊಂಡೆ. ಹೊರಗೆ ಬಂದಾಗ ಅಂಕಲ್ ಬಿಡಲಿಲ್ಲ.

"ಸೂರತ್ ತನಕ ಬಂದಿದ್ದು ಬಾಯಿ ಮುಚ್ಚಿ ನಿಂದ್ರಾಕೇನ?"

"ಹಾಡಾಕ ಹೋದಾಕಿ ಕೇಳ್ಕೋತ ನಿಂತ್ಬಿಟ್ಟೆ, ಮಾರಾಯ್ರ," ಎಂದು ಆಂಟಿ ನಕ್ಕರು.

"ಕಿವಿ ಮುಚ್ಕೋಬೇಕಿತ್ತು ಆಂಟಿ," ಎಂದೆ.

"ನಲವತ್ತು ವರ್ಷ ಮುಚ್ಚಿದ್ನಲ್ಲ ಯವ್ವಾ... ಇವತ್ತೂ ಮುಚ್ಚಿದ್ರ ಕೇಳೂದ್ಯಾವಾಗ?"

ವಾಪಸು ಗೋರ್ವಾ ತಲುಪಿ ಬಾಗಿಲ ಬೀಗ ತೆಗೆಯುತ್ತ ಆಂಟಿ, "ಕೇಳಿದ್ದಾತು. ಇನ್ನ ಹಾಡೂದು ಉಳೀತು," ಎಂದರು. ಮರುದಿನವೇ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದರು. "ನೀ ಮ್ಯಾಲಿಂದು ಕಲಿ."

ನಾನು ಹಾಡುವವಳಲ್ಲ. ಶಾಲೆಯ ಪ್ರಾರ್ಥನೆಯಲ್ಲೂ ಬಾಯಿ ಅಲ್ಲಾಡಿಸುತ್ತಿದ್ದವಳು. ಆಂಟಿ ಅಲಸಂದೆ ಬಿಡಿಸುತ್ತ ಒಂದೊಂದೇ ಸಾಲು ಹೇಳಿಕೊಟ್ಟರು. ತಪ್ಪಿದರೆ ಒಂದು ಕಾಳು ನನ್ನ ಕಡೆ ಎಸೆಯುತ್ತಿದ್ದರು. ಮಳೆಗಾಲದ ಹೊತ್ತಿಗೆ ಪೂರ್ತಿ ಬಂತು. ಒಂದು ಭಾನುವಾರ ನಾನು ಮೊದಲಿಂದ ಕೊನೆಯ ತನಕ ಹಾಡಿದೆ, ಅವರು ಕೆಳಗಿನಿಂದ ಜೊತೆಗೆ ಬಂದರು. ಒಂದೇ ಕಡೆ ನಿಲ್ಲುತ್ತಿದ್ದ ಆ ದನಿ ನನ್ನ ಹಾಡಿನ ಕೆಳಗೆ ಹೇಗೆ ಬಂದು ಕೂತಿತೆಂದರೆ... ಯಾರೋ ಬೆನ್ನಿಗೆ ಕೈಯಿಟ್ಟು ನಿಲ್ಲಿಸಿದಂತೆ. ಅಂಕಲ್ ಪೇಪರು ಮಡಿಸಿಟ್ಟು ಬಾಗಿಲಲ್ಲಿ ಬಂದು ನಿಂತರು. ಅವತ್ತು ಆಂಟಿ ತಮ್ಮ ಕಿವಿಯನ್ನೂ ಮುಚ್ಚಲಿಲ್ಲ, ಹಾಡನ್ನೂ ಬಿಡಲಿಲ್ಲ.

ಆಮೇಲೆ ನನಗೆ ಅಹಮದಾಬಾದಿನಲ್ಲಿ ಕೆಲಸವಾಯಿತು. ಭಾನುವಾರಗಳಂದು ವಿಡಿಯೋ ಕಾಲ್ ಮಾಡಿ ಹಾಡಲು ನೋಡಿದೆವು. ಆಗಲಿಲ್ಲ. ಒಬ್ಬರ ದನಿ ಇನ್ನೊಬ್ಬರಿಗೆ ಒಂದು ಗಳಿಗೆ ತಡವಾಗಿ ತಲುಪುತ್ತಿತ್ತು. "ನಿನ್ನ ದನಿ ನಡುವ ಆಣಂದ್ ಸ್ಟೇಷನ್ನಾಗ ನಿಂತು ಚಾ ಕುಡ್ದು ಬರಾಕತ್ತೈತಿ. ಖುದ್ದ ಬಾರವಾ," ಎನ್ನುತ್ತಿದ್ದರು. ಹೋಗುತ್ತಿದ್ದೆ, ತಿಂಗಳಿಗೊಮ್ಮೆಯಾದರೂ. ಹೋದಾಗೆಲ್ಲ ಕೈಕಾಲು ತೊಳೆಯುವ ಮೊದಲೇ ಒಂದು ಲವಂಗ ನನ್ನ ಕೈಗೆ ಬರುತ್ತಿತ್ತು.

ಹೋದ ವರ್ಷ ಅವರು ನಿದ್ದೆಯಲ್ಲೇ ಹೋದರು. ಮಣ್ಣು ಮಾಡುವ ದಿನ ಚರ್ಚಿನವರು ಗುಜರಾತಿ ಭಜನೆ ಹಾಡಿದರು. ಎಲ್ಲ ಮುಗಿದ ಮೇಲೆ ಅಂಕಲ್ ನನ್ನ ಕಡೆ ತಿರುಗಿ, "ಆಕೀದೊಂದು ಹಾಡವಾ," ಎಂದರು. ಹಾಡಿದೆ. ದನಿ ನಡುಗಲಿಲ್ಲ, ಸಾಲು ತಪ್ಪಲಿಲ್ಲ. ಚೆನ್ನಾಗಿತ್ತು ಎಂದು ಸುತ್ತ ನಿಂತವರು ಹೇಳಿದರು. ಅಂಕಲ್ ಹಾಡಿನ ಉದ್ದಕ್ಕೂ ನನ್ನನ್ನಲ್ಲ, ನನ್ನ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದರು.

ಅವತ್ತು ಮೆಟ್ರೋದಲ್ಲಿ ಲವಂಗದ ಆ ಹೆಂಗಸು ಇಳಿದುಹೋದ ಮೇಲೂ ವಾಸನೆ ಸ್ವಲ್ಪ ಹೊತ್ತು ಉಳಿದಿತ್ತು. ಗಾಡಿಯ ಸದ್ದಿನಲ್ಲಿ ಯಾರಿಗೂ ಕೇಳದಂತೆ ಮೊದಲ ಸಾಲು ಗುನುಗಿದೆ. ಆಮೇಲೆ ಆಂಟಿಯ ದನಿಯನ್ನು ಗುನುಗಲು ನೋಡಿದೆ. ಬರಲಿಲ್ಲ. ಅಡುಗೆಮನೆಯಲ್ಲಿ ಎಷ್ಟೋ ಸಲ ಕೇಳಿದ್ದೆ, ಆದರೆ ಅದನ್ನು ನಾನು ಕಲಿತೇ ಇರಲಿಲ್ಲ. ಅದು ಅವರದು, ಅವರು ಹಾಡುತ್ತಾರೆ ಎಂದಷ್ಟೇ ಅಂದುಕೊಂಡಿದ್ದೆ.

ಮತ್ತೆ ಮೇಲಿನದನ್ನೇ ಗುನುಗಿದೆ. ಕೆಳಗಿನ ದನಿ ಬಂದರೆ ಕೇಳಲೆಂದು ಕಿವಿ ಮುಚ್ಚಿಕೊಳ್ಳಲಿಲ್ಲ...