ಗಿಟಾರಿನ ಗಂಟಲು ತಗ್ಗಿಸುವ ಬೀರವ್ವ

ಅಕ್ಕಲಕೋಟದ ಚಹಾ ಅಂಗಡಿಗಳಲ್ಲಿ ದಿನದ ಮೊದಲ ಹಾಲು ಇನ್ನೂ ಕಾಯುತ್ತಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೀರವ್ವ ಆಗಲೇ ಅಂಗಡಿಯ ಶಟರನ್ನು ಅರ್ಧ ಎತ್ತಿ, ಪೂರ್ವಕ್ಕೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಾರೆ. ಸೆಕೆಯಾದರೂ ಫ್ಯಾನ್ ಹಾಕಿಲ್ಲ. ಎರಡು ಬೆರಳ ನಡುವೆ ಏನನ್ನೋ ಹಿಡಿದು ಎಳೆಯುತ್ತಿದ್ದಾರೆ, ಆದರೆ ಬೆರಳ ನಡುವೆ ಏನೂ ಕಾಣುವುದಿಲ್ಲ. ಬಿಸಿಲು ಓರೆಯಾಗಿ ಒಳಗೆ ಬಿದ್ದಾಗ ಗೊತ್ತಾಗುತ್ತದೆ, ಅಲ್ಲೊಂದು ತಾಮ್ರದ ತಂತಿಯಿದೆ, ತಲೆಗೂದಲಿಗಿಂತ ಸಣ್ಣದು.

“ಜರಾ ಹೊರಗೇ ನಿಂದರ್ರಿ ಸರ. ನೀವು ಒಳಗ ಬಂದ್ರ ಗಾಳಿ ಬರ್ತದ, ತಂತಿ ಹರೀತದ,” ಎನ್ನುತ್ತಾರೆ, ತಲೆ ಎತ್ತದೆ. ಇಷ್ಟು ವರ್ಷ ಜನರ ಬಗ್ಗೆ ಬರೆದುಕೊಂಡು ತಿರುಗಿದ ನನಗೆ ಇಂಥ ಸ್ವಾಗತ ಎಲ್ಲೂ ಸಿಕ್ಕಿರಲಿಲ್ಲ. ಸುಮ್ಮನೆ ಕಟ್ಟೆಯ ಮೇಲೆ ಕೂರುತ್ತೇನೆ.

ಸಣ್ಣ ತಂತಿಯ ಕೆಲಸ ಬೆಳಗಿನ ಈ ಓರೆ ಬಿಸಿಲಿನಲ್ಲಿ ಮಾತ್ರ. ಬಿಸಿಲು ನೆತ್ತಿಯ ಕಡೆ ಹೊರಳಿದರೆ ತಂತಿ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ದಿನವೆಲ್ಲ ಬಾವಿಯ ಮೋಟರುಗಳು. ಫಲಕದ ಮೇಲಿರುವುದು ಗಂಡ ಧರೆಪ್ಪನ ಹೆಸರು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ಅವರ ಕಸುಬು, ಬೀರವ್ವ ಕಲಿತದ್ದೂ ಅವರಿಂದಲೇ. ಈಗ ಧರೆಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ಭಾರ ಎತ್ತುವಂತಿಲ್ಲ. ಗಿರಾಕಿಗಳ ಜೊತೆ ಮಾತು ಅವರದು, ಮೋಟರು ಎತ್ತುವುದು ಇವರದು.

“ಸೊಂಟ ಅನ್ನೂದು ನನ್ನ ಮಾತ ಕೇಳೂದ ಬಿಟ್ಟದ್ರಿ,” ಎನ್ನುತ್ತಾರೆ ಬೀರವ್ವ. ಐವತ್ತು ದಾಟಿದ ಮುಖ, ಬೆಳಗ್ಗೆಯೇ ಸಂಜೆಯ ಹಾಗೆ ಸೋತಿದೆ. “ರಾತ್ರಿ ಮಗ್ಗಲ ಬದಲ್ಸಬೇಕಂದ್ರ ಇವರನ್ನ ಎಬ್ಬಸಬೇಕಾಗ್ತದ.”

ಚಪಳಗಾಂವದ ಕುರಿಗಾರರ ಮನೆಯ ಮಗಳು. ಚಿಕ್ಕಂದಿನಲ್ಲಿ ಉಣ್ಣೆ ನೂತ ಕೈ. ಎಳೆ ಎಷ್ಟು ಎಳೆದರೆ ತಾಳುತ್ತದೆ, ಎಲ್ಲಿ ಹರಿಯುತ್ತದೆ ಎಂಬುದು ಬೆರಳಿಗೇ ಗೊತ್ತು. ಹಿಂದೊಮ್ಮೆ ಊರಿನ ಬ್ಯಾಂಜೊ ಪಾರ್ಟಿಯವರು ಮದುವೆಯ ಸುಗ್ಗಿಯಲ್ಲಿ ಸದ್ದು ಸತ್ತ ಕರೆಂಟಿನ ಬ್ಯಾಂಜೊ ತಂದು ಈ ಅಂಗಡಿಯ ಮುಂದೆ ಇಟ್ಟರು. ತಂತಿ ಇರುವುದೆಲ್ಲ ಮೋಟರ್ ಅಂಗಡಿಗೆ ಬರಬೇಕು ಎಂಬುದು ಅವರ ಲೆಕ್ಕ. ಧರೆಪ್ಪ ನೋಡಿ ಕೈ ಮುಗಿದರು. ಬೀರವ್ವ ಒಳಗಿನ ಸುರುಳಿ ಬಿಚ್ಚಿ ಹೊಸ ತಂತಿ ಸುತ್ತಿದರು, ಬ್ಯಾಂಜೊ ನುಡಿಯಿತು. ಸುದ್ದಿ ಸೋಲಾಪುರ ಮುಟ್ಟಿ ಎಲೆಕ್ಟ್ರಿಕ್ ಗಿಟಾರುಗಳೂ ಬಂದವು.

ಗಿಟಾರಿನ ತಂತಿಗಳ ಕೆಳಗೆ ಎರಡು ಬೆರಳಗಲದ ಒಂದು ಪೆಟ್ಟಿಗೆ ಇರುತ್ತದೆ. ಅದೇ ಪಿಕಪ್. ಒಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ. ಉಕ್ಕಿನ ತಂತಿಯ ನಡುಕವನ್ನು ಅದು ಕರೆಂಟು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಹಗುರಾದ ಕೆಲಸ, ಮಡಿಲಲ್ಲಿ ಇಟ್ಟುಕೊಂಡು ಮಾಡುವ ಕೆಲಸ. ಇದೊಂದೇ ಕೈ ಹಿಡಿದರೆ ಮೋಟರು ಎತ್ತುವುದನ್ನು ಬಿಡಬಹುದು ಎಂದು ಬೀರವ್ವ ಆಸೆ ಕಟ್ಟಿಕೊಂಡರು. ಕೆಡಿಸಿಕೊಂಡದ್ದೂ ತಾವೇ.

ಮೋಟರಿನ ಸುರುಳಿಯನ್ನು ಸುತ್ತಿದ ಮೇಲೆ ವಾರ್ನಿಷಿನಲ್ಲಿ ಅದ್ದಿ ಭಟ್ಟಿಯಲ್ಲಿ ಒಣಗಿಸುತ್ತಾರೆ, ಗಟ್ಟಿಯಾಗಲಿ ಎಂದು. ಹೋದ ವರ್ಷ ಕುನಾಲ ಎಂಬ ಕಾಲೇಜು ಹುಡುಗನ ಪಿಕಪ್ಪನ್ನೂ ಕೈಯ ರೂಢಿಯಲ್ಲಿ ಹಾಗೇ ಮಾಡಿದರು. ಒಳಗಿನ ಪ್ಲಾಸ್ಟಿಕ್ಕು ಕರಗಿ ಸೊಟ್ಟಾಯಿತು, ಎಳೆಗಳೆಲ್ಲ ಹರಿದವು. ಹುಡುಗನ ಕಾರ್ಯಕ್ರಮ ತಪ್ಪಿತು. “ಇಲ್ಲೇ ಈ ಕಟ್ಟಿ ಮ್ಯಾಲ ಕುಂತು ಅತ್ತನ್ರಿ. ನಾನೂ ಅತ್ತೆ. ಮೋಟರ್ ಮಾಡೂ ಕೈ ಅಲ್ಲೇನ್ರಿ, ಮೋಟರಿನಂಗ ಮಾಡ್ತು.” ಅಲ್ಲಿಂದ ಸೋಲಾಪುರದ ಗಿಟಾರುಗಳು ಅಕ್ಕಲಕೋಟದ ದಾರಿ ಮರೆತವು, ಸಣ್ಣ ತಂತಿಯ ಕೆಲಸಕ್ಕೆ ಊರಿನ ಬ್ಯಾಂಜೊಗಳಷ್ಟೇ ಉಳಿದವು.

ಮರೆಯದೆ ಬಂದವರು ರಾಜರತ್ನ ಒಬ್ಬರೇ. ಸೋಲಾಪುರದಲ್ಲಿ ಸಂಬಳದ ನೌಕರಿ, ರಜೆಯ ದಿನ ಗೆಳೆಯರ ಜೊತೆ ಹಳೇ ಇಂಗ್ಲಿಷ್ ರಾಕ್ ಹಾಡು. ನನಗೆ ಆ ಸಂಗೀತದ ಗಂಧಗಾಳಿ ಇಲ್ಲ, ಅವರು ಹೇಳಿದ್ದನ್ನೇ ಬರೆಯುತ್ತೇನೆ. ಹಳೇ ಕಾಲದ ಪಿಕಪ್ಪುಗಳ ಕಸುವು ಕಡಿಮೆ. ಮೆಲ್ಲಗೆ ಮೀಟಿದರೆ ಸ್ವಚ್ಛ ದನಿ, ಜೋರಾಗಿ ಹೊಡೆದರೆ ಮಾತ್ರ ಸ್ವಲ್ಪ ಒಡಕು. ಆ ಹಾಡುಗಳ ರುಚಿ ಇರುವುದೇ ಅಲ್ಲಿ. ರಾಜರತ್ನರ ಹೊಸ ಗಿಟಾರಿನಲ್ಲಿ ಇರುವುದು ಈಗಿನ ಕಾಲದ, ಸುತ್ತು ಹೆಚ್ಚಿರುವ, ಕಸುವು ಜಾಸ್ತಿಯ ಪಿಕಪ್. ಮುಟ್ಟಿದರೆ ಸಾಕು, ಚೀರುತ್ತದೆ. ಹಳೇ ನಮೂನೆಯದು ಹೊರದೇಶದಿಂದ ತರಿಸಬೇಕು, ಅವರ ಕೈಗೆ ಎಟುಕುವುದಿಲ್ಲ.

“ದುರ್ಗಪ್ಪ ಕಾಕಾ ನಮ್ಮಲ್ಲಿ ಹಾಡವ್ರು. ಈ ಗಿಟಾರ್ ಇದ್ರ ನಾ ಹಾಡೂದಿಲ್ಲ, ನನ್ನ ಗಂಟಲ ಹಿಚುಕ್ತದ ಅಂತಾರ,” ಎನ್ನುತ್ತಾರೆ ರಾಜರತ್ನ. ಇವತ್ತು ಮೊದಲ ಬಸ್ಸಿಗೆ ಬಂದಿದ್ದಾರೆ, ಹೆಗಲಲ್ಲಿ ಗಿಟಾರು. ಬೀರವ್ವನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. “ಮಾವಶಿ, ಅರ್ಧ ಸುತ್ತು ಬಿಚ್ಚಿ ತಗದಬಿಡ್ರಿ. ಮಧ್ಯಾಹ್ನ ತಾಲೀಮ್ ಅದ.”

ಬೀರವ್ವ ಪಿಕಪ್ಪನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಈ ಗಿಟಾರು ಕೆಟ್ಟರೆ ಮುಂದೆ ಯಾರೂ ಬರುವುದಿಲ್ಲ. ಅದು ಆ ಅಂಗಡಿಯಲ್ಲಿ ಇದ್ದವರಿಗೆಲ್ಲ ಗೊತ್ತು. ಅಷ್ಟರಲ್ಲಿ ಸುಟ್ಟ ಮೋಟರು ಹೊತ್ತು ಮಂದ್ರೂಪದ ಕಡೆಯ ಒಂದು ಟೆಂಪೊ ಬಂದು ನಿಲ್ಲುತ್ತದೆ. ಡ್ರೈವರ್ ಕೆಳಗಿಳಿಯದೆ ಹಾರ್ನ್ ಹಾಕುತ್ತಾನೆ. ಬೀರವ್ವ ಗೋಡೆ ಹಿಡಿದು ಎದ್ದು ಸೆರಗು ಸೊಂಟಕ್ಕೆ ಬಿಗಿದು ಹೋಗುತ್ತಾರೆ. ರಾಜರತ್ನರೂ ನಾನೂ ಕೈ ಹಾಕುತ್ತೇವೆ, ಆದರೂ ಮೋಟರಿನ ಭಾರ ಬೀಳುವುದು ಅವರ ಮೇಲೆಯೇ. ಇಳಿಸಿದ ಮೇಲೆ ಬಗ್ಗಿದವರು ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ. ಧರೆಪ್ಪ ಮುಖ ಆ ಕಡೆ ತಿರುಗಿಸಿ ಕೂತಿರುತ್ತಾರೆ. ನನಗೆ ಬಹಳ ಕೆಟ್ಟದೆನಿಸುತ್ತದೆ.

ಮತ್ತೆ ಕೂತು ಬೀರವ್ವ ಹೇಳುತ್ತಾರೆ, “ಸುತ್ತು ಬಿಚ್ಚೂದು ಬ್ಯಾಡ ತಮ್ಮಾ. ಬಿಚ್ಚಿದ್ದು ಮತ್ತ ಕೂಡೂದಿಲ್ಲ. ಜೋಡಣಿ ಬದಲ್ಸಿ, ಸ್ಕ್ರೂ ತಿರುವಿ ಕಸುವು ಇಳಸೂಣು. ಸಾರಿಗೆ ಖಾರ ಹೆಚ್ಚಾದ್ರ ಗಡಗಿ ಒಡೀತೀವೇನು?”

“ಸುತ್ತಿದ್ರ ಕೆಲಸ ಅಂತಾರ, ನೀ ಸ್ಕ್ರೂ ತಿರುವಿ ಕೊಟ್ರ ಯಾರ ಮೆಚ್ಚತಾರ?” ಎಂದು ಧರೆಪ್ಪ ಗೊಣಗುತ್ತಾರೆ.

“ಮೆಚ್ಚಸಾಕ ಹೋಗೇ ಹೋದ ವರ್ಷ ಸುಟ್ಟೀನಲ್ಲ.”

ಪಿಕಪ್ಪಿನ ಒಳಗೆ ಎರಡು ಸುರುಳಿ, ಅವುಗಳಿಂದ ನಾಲ್ಕು ತಂತಿ ಹೊರಗೆ ಬಂದಿವೆ. ಕಂಪನಿಯವರು ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸಿದ್ದಾರೆ. ಎರಡರ ಕಸುವೂ ಕೂಡಿ ಒಂದೇ ಬಾಯಲ್ಲಿ ಕೂಗುತ್ತದೆ. ಬೀರವ್ವ ಆ ಬೆಸುಗೆ ಬಿಡಿಸಿ, ಎರಡನ್ನೂ ಬಾಜೂ ಬಾಜೂ, ಅಕ್ಕಪಕ್ಕ ಬರುವಂತೆ ಜೋಡಿಸುತ್ತಾರೆ. ಮೋಟರಿನ ಸುರುಳಿಗಳನ್ನು ಹೀಗೂ ಹಾಗೂ ಜೋಡಿಸಿ ರೂಢಿಯಿದೆ. ಕಸುವು ತಗ್ಗುತ್ತದೆ, ದನಿ ತಿಳಿಯಾಗುತ್ತದೆ. ಆಮೇಲೆ ಸ್ಕ್ರೂ ತಿರುವಿ ಪಿಕಪ್ಪನ್ನು ಉಕ್ಕಿನ ತಂತಿಗಳಿಂದ ದೂರ, ಕೆಳಕ್ಕೆ ಇಳಿಸುತ್ತಾರೆ. ಗಿಟಾರಿನ ಆವಾಜಿನ ಗುಂಡಿಗೆ ಒಂದು ಸಣ್ಣ ಕೆಪಾಸಿಟರ್ ಬೆಸೆಯುತ್ತಾರೆ, ಆವಾಜು ಇಳಿಸಿದರೂ ದನಿಯ ಹೊಳಪು ಮಂಕಾಗಬಾರದೆಂದು. ತಾಮ್ರದ ಒಂದೇ ಒಂದು ಸುತ್ತನ್ನೂ ಮುಟ್ಟಿಲ್ಲ.

ಅಂಗಡಿಯ ಸಣ್ಣ ಡಬ್ಬಿ ಸ್ಪೀಕರಿಗೆ ಸಿಕ್ಕಿಸಿ ರಾಜರತ್ನ ಬಾರಿಸುತ್ತಾರೆ. ಮುಖ ಸಪ್ಪಗಾಗುತ್ತದೆ. “ಮಾವಶಿ, ಜೀವನೇ ಹೋತಲ್ರಿ ಇದರದು.”

“ನಿಮ್ಮ ಮಶೀನಿಗೆ ಹಚ್ಚಿ ನೋಡು. ಮಶೀನ್ ಏರಸು, ಗಿಟಾರ್ ಇಳಸು. ಜೋರ್ ಬೇಕಂದಾಗ ನಿನ್ನ ಕೈಲೆ ಜೋರ್ ಹೊಡಿ.” ಮಶೀನೆಂದರೆ ತಾಲೀಮಿನ ಕೋಣೆಯ ದೊಡ್ಡ ಆಂಪ್ಲಿಫೈಯರ್. ಬಾಯಲ್ಲಿ ಹಾಗೆಂದರೂ ಅವರಿಗೂ ಪೂರ್ತಿ ಧೈರ್ಯ ಇದ್ದಂತಿಲ್ಲ. ತಾಲೀಮಿಗೆ ನೀವೂ ಬನ್ನಿ, ದುರ್ಗಪ್ಪ ಕಾಕಾ ಬೇಡ ಅಂದರೆ ಅಲ್ಲೇ ಮೊದಲಿನ ಹಾಗೆ ಮಾಡಿಕೊಡಿ ಎಂದು ರಾಜರತ್ನ ಹಟ ಹಿಡಿಯುತ್ತಾರೆ. ಬೀರವ್ವ ಬೆಸುಗೆಯ ಕಡ್ಡಿಯನ್ನು ಕೈಚೀಲಕ್ಕೆ ಹಾಕಿಕೊಂಡು ನಮ್ಮ ಜೊತೆ ಸೋಲಾಪುರದ ಬಸ್ಸು ಹತ್ತುತ್ತಾರೆ. ದಾರಿಯಲ್ಲಿ ಒಮ್ಮೆ ಕೇಳುತ್ತಾರೆ, “ಕೆಟ್ಟರ ನೀವು ಪೇಪರಿನ್ಯಾಗ ಬರೀತೀರೇನ್ರಿ ಸರ?” ನಾನು ನೋಟ್‌ಬುಕ್ಕನ್ನು ಮಡಚಿ ಚೀಲಕ್ಕೆ ಹಾಕುತ್ತೇನೆ.

ದುರ್ಗಪ್ಪನವರ ಮನೆಯ ಮಾಳಿಗೆಯ ಮೇಲೆ ತಾಲೀಮಿನ ಕೋಣೆ. ಗುಂಪಿನ ಇನ್ನಿಬ್ಬರು ಗೆಳೆಯರು ಆಗಲೇ ಬಂದಿದ್ದಾರೆ. ಕುರ್ಚಿ ಕೊಟ್ಟರೂ ಬೀರವ್ವ ನೆಲದ ಮೇಲೆ, ಆಳೆತ್ತರದ ಸ್ಪೀಕರಿನ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ದುರ್ಗಪ್ಪ ಒಂದು ಕಿವಿಗೆ ಅಂಗೈ ಮುಚ್ಚಿಕೊಂಡೇ ನಿಲ್ಲುತ್ತಾರೆ, ಹಿಂದೆ ಪೆಟ್ಟು ತಿಂದವರ ಹಾಗೆ. ರಾಜರತ್ನ ಮಶೀನು ಏರಿಸಿ, ಗಿಟಾರಿನ ಗುಂಡಿ ಇಳಿಸಿ, ಮೆಲ್ಲಗೆ ಮೀಟುತ್ತಾರೆ. ದನಿ ಸ್ವಚ್ಛವಾಗಿ ಬರುತ್ತದೆ. ನಡುವೆ ಜೋರಾಗಿ ಎಳೆದಾಗ ಚೂರು ಒಡೆದು, ಕೈ ಸಡಿಲಿಸಿದ ಕೂಡಲೇ ಮತ್ತೆ ತಿಳಿಯಾಗುತ್ತದೆ. ದುರ್ಗಪ್ಪನವರ ಕೈ ಕಿವಿಯಿಂದ ಯಾವಾಗ ಇಳಿಯಿತೋ ನಾನು ನೋಡಲಿಲ್ಲ. ಹಾಡನ್ನು ಅವರು ಕೊನೆಯವರೆಗೂ ಹಾಡುತ್ತಾರೆ. ಆ ಸಂಗೀತ ಅರ್ಥವಾಗದ ನನ್ನ ಕಾಲೂ ತಾನಾಗಿ ತಾಳ ಹಾಕುತ್ತದೆ.

ಹಾಡು ಮುಗಿದ ಮೇಲೆ ಎಲ್ಲರೂ ಗೋಡೆಯ ಕಡೆ ತಿರುಗುತ್ತೇವೆ. ಬೀರವ್ವ ಸ್ಪೀಕರಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಾರೆ. ಕೈಚೀಲ ಮಡಿಲಲ್ಲಿದೆ, ಬಾಯಿ ಚೂರು ತೆರೆದಿದೆ.

“ಎಬ್ಬಸಬ್ಯಾಡ್ರೋ,” ಎನ್ನುತ್ತಾರೆ ದುರ್ಗಪ್ಪ, ದನಿ ತಗ್ಗಿಸಿ. “ಆ ಕುನಾಲಗ ಫೋನ್ ಮಾಡು ರಾಜೂ. ಅವನ ಗಿಟಾರನೂ ಅಕ್ಕಲಕೋಟಕ್ಕ ಒಯ್ಯಲಿ.”

ಮಾತು ನಿಂತ ಮೌನಕ್ಕೇ ಬೀರವ್ವನಿಗೆ ಎಚ್ಚರವಾಗುತ್ತದೆ. ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಬೆಸುಗೆಯ ಕಡ್ಡಿಗೆ ಕೈ ಹಾಕುತ್ತಾರೆ. ಬೇಡ, ಮಾಡುವುದೇನೂ ಇಲ್ಲ ಎಂದು ಗುಂಪಿನ ನಾಲ್ಕೂ ಮಂದಿ ಒಟ್ಟಿಗೇ ಹೇಳುತ್ತಾರೆ.

“ಹ್ಯಾಂಗಿತ್ರಿ ಮಾವಶಿ, ಕೇಳಿದ್ರೇನು?” ಎಂದು ರಾಜರತ್ನ ಕೇಳುತ್ತಾರೆ.

“ಎಲ್ಲಿ ಕೇಳೀನಪಾ, ನಿದ್ದಿ ಹತ್ತಿತ್ತು,” ಎನ್ನುತ್ತಾರೆ ಬೀರವ್ವ. ನಾಚಿಕೆಯಿಂದ ಒಮ್ಮೆ ನಕ್ಕು, ಆ ದೊಡ್ಡ ಸ್ಪೀಕರನ್ನು ತಿರುಗಿ ನೋಡುತ್ತಾರೆ. “ಚುಚ್ಚೂ ಆವಾಜ ಇದ್ರ, ಇದರ ಬಾಜೂಕ ಕುಂತವಳಿಗಿ ನಿದ್ದಿ ಹತ್ತತಿತ್ತೇನು?”