ಕೊಲಂಬಿನಲ್ಲಿ ಹಾಲೆ ಕಷಾಯ

ಆಟಿ ತಿಂಗಳ, ಎಂದರೆ ಆಷಾಢದ, ಅಮಾವಾಸ್ಯೆಗೆ ಮೊಮ್ಮಕ್ಕಳಿಗೆ ಗದರಿಸಿ ಹಾಲೆ ಮರದ ತೊಗಟೆಯ ಕಷಾಯ ಕುಡಿಸುವವಳು ನಾನೇ. ಆದರೆ ಆ ಕಹಿ ನನಗೆ ಎಂದೂ ಸೇರಿದ್ದಲ್ಲ. ಬೆಳ್ತಂಗಡಿಯಲ್ಲಿ ಹುಟ್ಟಿದ ತಪ್ಪಿಗೆ ಕುಡಿಯುತ್ತೇನೆ, ಅಷ್ಟೆ. ಖಾಲಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ಕಾಯಿಲೆ ಇಲ್ಲವಂತೆ. ಕುಡಿದವರೂ ಜ್ವರ ಬಂದು ಮಲಗಿದ್ದನ್ನು ನೋಡಿದ್ದೇನೆ. ಆದರೂ ನಮ್ಮವರು ಹೊಟ್ಟೆಪಾಡಿಗೆ ಎಲ್ಲಿಗೆ ಹೋದರೂ ಶಾಸ್ತ್ರವನ್ನು ಗಂಟು ಕಟ್ಟಿಕೊಂಡೇ ಹೋಗುವುದು.

ಐವತ್ತರ ದಶಕದ ಕೊನೆಗೆ ನಮ್ಮ ಯಜಮಾನರು ಕೊಲಂಬಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಆ ವರ್ಷ ಅಲ್ಲಿ ಸಿಂಹಳದವರಿಗೂ ತಮಿಳರಿಗೂ ಹೊಡೆದಾಟವಾಗಿ ಬೀದಿಗಳು ಉರಿದಿದ್ದವು. ನಾವು ಅವರೂ ಅಲ್ಲ, ಇವರೂ ಅಲ್ಲ. ಆದರೆ ಕಲ್ಲು ಹೊಡೆಯುವವ ಕುಲಗೋತ್ರ ಕೇಳಿ ಹೊಡೆಯುತ್ತಾನೆಯೇ? ಆಟಿ ಬರುವಾಗ ಗಲಾಟೆ ನಿಂತು, ಸುಟ್ಟ ಗೋಡೆಗಳಿಗೆ ಸುಣ್ಣ ಬೀಳುತ್ತಿತ್ತು. ಬೆಳಗಾಗುವ ತನಕ ಯಾರೂ ಹೊರಗೆ ಕಾಲಿಡಬಾರದು ಎಂಬ ಆಜ್ಞೆ ಮಾತ್ರ ಹಾಗೇ ಇತ್ತು.

ನಮ್ಮ ಶಾಸ್ತ್ರವೋ, ತೊಗಟೆಯನ್ನು ಬೆಳಗಾಗುವ ಮೊದಲೇ ತರಬೇಕು. ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಕಲ್ಲಿಗೆ ಹೆದರಿ ಕುಳಿತ ಊರಿನಲ್ಲಿ ಕತ್ತಲೆಗೆ ಕಲ್ಲು ಹಿಡಿದು ಹೊರಟ ಬುದ್ಧಿವಂತರು ನಮ್ಮ ಯಜಮಾನರೊಬ್ಬರೇ ಇರಬೇಕು.

ಬೆಳಕು ಹರಿಯುವಾಗ ಬಾಗಿಲಲ್ಲಿ ಇವರು, ಹಿಂದೆ ಇವರ ತೋಳು ಹಿಡಿದುಕೊಂಡ ಬಂದೂಕಿನ ಸಿಪಾಯಿ. ಮದ್ದಿನ ತೊಗಟೆ ಎಂದು ಇವರು ಹೇಳಿದ್ದು ಸುಳ್ಳಾದರೆ ಜೈಲು. ಪಕ್ಕದ ಕೋಣೆಯ ಅದ್ರಾಮ ಬ್ಯಾರಿ ಓಡಿ ಬಂದ. ಬಂಟ್ವಾಳದವ, ಒಣಮೀನಿನ ವ್ಯಾಪಾರಿ, ಸಿಂಹಳ ಮಾತು ಬಲ್ಲವ; ಸಿಪಾಯಿ ಹೇಳಿದ್ದನ್ನೆಲ್ಲ ನಮಗೆ ತಿಳಿಸಿದವ ಅವನೇ. ನಾನು ಸಿಪಾಯಿಯ ಎದುರೇ ತೊಗಟೆ ಅರೆದು ಹಿಂಡಿ, ಬೆಳ್ಳುಳ್ಳಿ, ಓಮ, ಕಾಳುಮೆಣಸು ಸೇರಿಸಿ ಲೋಟವನ್ನು ಇವರತ್ತ ಚಾಚಿದೆ.

ಬ್ಯಾರಿ ತಡೆದ. “ಅಕ್ಕ, ಗಂಡನಿಗೆ ಕುಡಿಸಿದರೆ ಈ ಸಿಪಾಯಿ ನಂಬಲಿಕ್ಕಿಲ್ಲ. ಇವನಿಗೂ ಮದುವೆ ಆಗಿ ಉಂಟು. ನೀವೇ ಕುಡೀರಿ.”

ಕುಡಿದೆ. ನನ್ನ ಮುಖ ಹೇಗಾಯಿತೋ, ಸಿಪಾಯಿ ನಕ್ಕೇಬಿಟ್ಟ. ಅವನ ಅಜ್ಜಿಯೂ ಜ್ವರಕ್ಕೆ ಇದೇ ತೊಗಟೆ ಕುಡಿಸುತ್ತಿದ್ದಳಂತೆ. ಆ ಕಹಿಗೆ ಬೇರೆ ಯಾವ ಸಾಕ್ಷಿಯೂ ಬೇಡವಂತೆ. ಇವರ ತೋಳು ಬಿಟ್ಟ.

ಕಷಾಯದ ಮೇಲೆ ಮೆಂತೆ ಗಂಜಿ ಉಣ್ಣುವುದು ಪದ್ಧತಿ. ಅವನಿಗೂ ಒಂದು ಬಟ್ಟಲು ಬಡಿಸಿದೆ. ಊರು ಶಾಂತವಾಗಿದೆ ಎಂದು ರೇಡಿಯೋ ದಿನವೂ ಹೇಳುತ್ತಿತ್ತು, ನಾನು ನಂಬಿರಲಿಲ್ಲ. ಬಿಸಿ ಬಟ್ಟಲಿಗೆ ಎರಡೂ ಕೈ ಬೇಕೆಂದು ಅವನು ಬಂದೂಕನ್ನು ನಮ್ಮ ಗೋಡೆಗೆ ಒರಗಿಸಿ ಕುಳಿತನಲ್ಲ, ಆಗ ನಂಬಿದೆ. ಯಜಮಾನರಿಗೆ ಬೈಯಬೇಕೆಂದು ನೆನಪಾದದ್ದೂ ಆಗಲೇ.