ಅಪ್ಪನ ಸಕ್ಕರೆ ನೀಲಿಯಾದದ್ದು

ನನ್ನ ಅಪ್ಪ ಸುರೇಬಾನದಲ್ಲಿ ಸೀರೆ ನೇಯುತ್ತಿದ್ದ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅವನ ಮೈ ಎಷ್ಟು ಬೆಳೆಯಿತೆಂದರೆ, ಮಗ್ಗದ ಮುಂದೆ ಕಾಲಿಳಿಬಿಡಲು ತೋಡಿದ ಕುಣಿಯಲ್ಲಿ ಇಳಿದು ಕೂತರೆ ಹೊಟ್ಟೆ ಮುಂದಿನ ಬಟ್ಟೆಗೆ ತಾಗುತ್ತಿತ್ತು. ಒಂದು ಊಟಕ್ಕೆ ಆರು ಜೋಳದ ರೊಟ್ಟಿ ಸಾಲುತ್ತಿರಲಿಲ್ಲ. ಅವ್ವನಿಗೆ ಅದೊಂದು ಹೆಮ್ಮೆ.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದ ನನಗೆ ರಾಮದುರ್ಗದ ಡಾಕ್ಟರು ಮೂತ್ರ ಪರೀಕ್ಷೆ ಕಲಿಸಿದರು. ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿಯಾದರೆ ಇದೆ. ಇಟ್ಟಂಗಿಯ ಕೆಂಪು ಬಣ್ಣ ಬಂದರೆ ಬಹಳ ಇದೆ. ಅಪ್ಪನದು ಯಾವಾಗಲೂ ಇಟ್ಟಂಗಿ. ಆ ನಳಿಗೆ ಒಲೆಯ ಹತ್ತಿರ ಸುಳಿಯಬಾರದೆಂದು ಅವ್ವ ನನ್ನನ್ನು ಹಿತ್ತಲಿಗೆ ಅಟ್ಟಿದ್ದಳು. ಎಮ್ಮೆಯ ಪಕ್ಕದಲ್ಲೇ ನನ್ನ ಪ್ರಯೋಗಶಾಲೆ.

ಇದರ ನಡುವೆ ಅಪ್ಪನಿಗೆ ಹೊಟ್ಟೆಯ ಹುಣ್ಣು ಬಲಿತು, ಉಂಡದ್ದೆಲ್ಲ ವಾಂತಿಯಾಗತೊಡಗಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಜಠರದ ಬಹುಭಾಗ ಕತ್ತರಿಸಿ, ಉಳಿದದ್ದನ್ನು ಕರುಳಿಗೆ ಜೋಡಿಸಿ ಕಳಿಸಿದರು.

ಮನೆಗೆ ಬಂದ ಮೂರನೆಯ ದಿನ ಪರೀಕ್ಷೆ ಮಾಡಿದೆ. ನೀಲಿ. ಮರುದಿನವೂ ನೀಲಿ.

"ತಪ್ಪಿ ಎಮ್ಮೀದು ಕಾಸೀ ಏನ್ ತಂಗಿ?" ಎಂದು, ಮಗಳಾದ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ ಅಪ್ಪ ನಕ್ಕ. ನಗುವಾಗ ಹೊಲಿಗೆ ಹಿಡಿದುಕೊಂಡ.

ಔಷಧ ಕೆಟ್ಟಿರಬೇಕೆಂದು ಬೆಲ್ಲದ ನೀರು ಹಾಕಿ ಕಾಯಿಸಿದೆ. ಚೆಂದವಾಗಿ ಇಟ್ಟಂಗಿ ಬಣ್ಣ ಬಂತು. ಔಷಧ ಸರಿಯಾಗಿಯೇ ಇತ್ತು, ಬದಲಾದವನು ಅಪ್ಪ. ಬಸ್ಸು ಹತ್ತಿ ರಾಮದುರ್ಗಕ್ಕೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊಟ್ಟಿ ಕತ್ತರಿಸಿದ ಕೆಲವರಿಗೆ ಹಿಂಗ ಆಗತದಂತ ಕೇಳೇನಿ. ಯಾಕ ಆಗತದ ಅನ್ನೋದು ನನಗೂ ಗೊತ್ತಿಲ್ಲವ್ವಾ. ಸಕ್ರಿ ಗುಳಿಗಿ ಅರ್ಧ ಮಾಡೋಣು, ನೀ ದಿನಾ ನೋಡಕೋತ ಇರು."

ಕರುಳಿನಿಂದ ಹೊರಡುವ ಹಾರ್ಮೋನುಗಳು ಬದಲಾಗಿ ಹಸಿವೂ ಸಕ್ಕರೆಯೂ ಇಳಿಯುತ್ತವೆಂದು ಈಗ ಹೇಳುತ್ತಾರೆ. ತೂಕ ಇಳಿಸಲೆಂದೇ ಅಂಥ ಆಪರೇಷನ್ನುಗಳಿವೆ. ಆಗ ನಮಗೆ ಕಂಡದ್ದು ನಳಿಗೆಯ ಬಣ್ಣ ಮತ್ತು ಅಪ್ಪನ ತಾಟಿನಲ್ಲಿ ಉಳಿಯುತ್ತಿದ್ದ ಅರ್ಧ ರೊಟ್ಟಿ. ಅವ್ವನಿಗೆ ಆ ಅರ್ಧ ರೊಟ್ಟಿಯದೇ ಸಂಕಟ.

"ನನ್ನ ಕೈ ರುಚಿ ಕೆಟ್ಟತೇನ್ರಿ?"

"ರುಚಿ ಐತಿ. ಹಸಿವೀನ ಬರವಲ್ದು. ಮೊದಲ ಉಂಡ ಎದ್ದ ಮ್ಯಾಲೂ ಊಟದ್ದ ಚಿಂತಿ ಇರತಿತ್ತು. ಈಗ ನೀ ಕರದರ ಅಷ್ಟ ನೆನಪಾಗತೈತಿ."

ಎರಡು ತಿಂಗಳ ನಂತರ ಸಿರಸಂಗಿಯಲ್ಲಿ ಸಂಬಂಧಿಕರ ಮದುವೆ. "ಏನ್ರಿ, ಹಿಂಗ ಸೊರಗೀರಿ!" ಎಂದು ಎಲ್ಲರೂ ಸೇರಿ ಅಪ್ಪನಿಗೆ ಎರಡು ಹೋಳಿಗೆ, ಒಂದು ಬಟ್ಟಲು ಪಾಯಸ ಉಣ್ಣಿಸಿದರು. ಸ್ವಲ್ಪ ಹೊತ್ತಿಗೆ ಅವನ ಮೈಯೆಲ್ಲ ಬೆವೆತು, ಎದೆ ಡವಡವ ಹೊಡೆದುಕೊಂಡು, ಅವನು ಹಂದರದ ಕೆಳಗೇ ಮಲಗಿಬಿಟ್ಟ. ಅವ್ವ ಉಪ್ಪು, ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ಅರ್ಧ ತಾಸಿಗೆ ಅಪ್ಪ ಎದ್ದು ಕೂತ. ಹೆಣ್ಣುಮಕ್ಕಳೆಲ್ಲ ಮೆಣಸಿನಕಾಯಿಯ ಗುಣ ಹೊಗಳಿದರು.

ಡಾಕ್ಟರು ಮಾತ್ರ ಕೇಳಿದ ಕೂಡಲೇ ಗದರಿದರು. ಕಿರಿದಾದ ಹೊಟ್ಟೆಯಲ್ಲಿ ಸಿಹಿ ನಿಲ್ಲುವುದಿಲ್ಲ, ಒಮ್ಮೆಲೇ ಕರುಳಿಗೆ ನುಗ್ಗುತ್ತದೆ, ಅದಕ್ಕೇ ಹೀಗೆ. ಸಿಹಿ ಬೇಡ, ಊಟದ ಜೊತೆ ನೀರು ಬೇಡ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಉಣ್ಣಬೇಕು.

ಅವ್ವ ಒಂದು ದಿನ ಯೋಚಿಸಿದಳು. ಮರುದಿನದಿಂದ ಅಂಗೈ ಅಗಲದ ರೊಟ್ಟಿ ಬಡಿಯತೊಡಗಿದಳು. ಮಕ್ಕಳ ಆಟಕ್ಕೆ ಮಾಡಿದಂತಿದ್ದರೂ ಅಂಚು ತೆಳ್ಳಗೆ, ಒಂದೊಂದೂ ಉಬ್ಬುತ್ತಿತ್ತು. ಎರಡೆರಡು ತಾಸಿಗೊಮ್ಮೆ ಒಂದು ರೊಟ್ಟಿ, ಒಂದಿಷ್ಟು ಪಲ್ಯ ಮಗ್ಗದ ಹತ್ತಿರ ಒಯ್ದಿಡುತ್ತಿದ್ದಳು. ಯಾರಾದರೂ ಊಟದ ಮಾತೆತ್ತಿದರೆ, "ನಮ್ಮನಿಯವರು ಈಗೂ ಆರ ರೊಟ್ಟಿ ತಿಂತಾರ" ಎನ್ನುತ್ತಿದ್ದಳು. ಅಳತೆ ಹೇಳುತ್ತಿರಲಿಲ್ಲ.

ವರ್ಷದೊಳಗೆ ಅಪ್ಪ ಕುಣಿಯಲ್ಲಿ ಸಲೀಸಾಗಿ ಇಳಿದು ಏಳುವಂತಾದ. ಗುಳಿಗೆ ಪೂರ್ತಿ ನಿಂತಿತು. ಎರಡನೆಯ ವರ್ಷ ಮಾತ್ರ ಮುಖ ಬಿಳಚಿ, ನಾಲ್ಕು ಹೆಜ್ಜೆಗೇ ದಣಿಯತೊಡಗಿದ. ಅಂಥ ಹೊಟ್ಟೆಯಿದ್ದವರಿಗೆ ಊಟದಲ್ಲಿನ ರಕ್ತ ತುಂಬುವ ಸತ್ವ ಮೈಗೆ ಹತ್ತುವುದಿಲ್ಲವೆಂದು ಡಾಕ್ಟರು ತಿಂಗಳಿಗೊಂದು ಕೆಂಪು ಇಂಜೆಕ್ಷನ್ ಶುರು ಮಾಡಿದರು. ಅದಕ್ಕೂ ಅಪ್ಪ ಒಗ್ಗಿಕೊಂಡ.

ಸುದ್ದಿ ಹಬ್ಬಿ, ಒಂದು ಮಧ್ಯಾಹ್ನ ಮುರಗೋಡದಿಂದ ಒಬ್ಬ ದಪ್ಪನೆಯ ಸಕ್ಕರೆ ರೋಗಿ ನಮ್ಮ ಮನೆ ಹುಡುಕಿಕೊಂಡು ಬಂದರು.

"ಸಕ್ರಿ ಬೇನಿ ಪೂರಾ ಹೋತಂತಲ್ರಿ. ಯಾವ ಔಷಧ ತಗೊಂಡ್ರಿ? ನನಗೊಂದೀಟ ಬರದ ಕೊಡ್ರಿ."

ಅಪ್ಪ ಅಂಗಿ ಎತ್ತಿದ. ಎದೆಯ ಕೆಳಗಿನಿಂದ ಹೊಕ್ಕುಳದವರೆಗೆ ಹೊಲಿಗೆಯ ಗುರುತು. ಬಂದವರು ಅದನ್ನು ನೋಡಿದರು, ತಮ್ಮ ಹೊಟ್ಟೆಯ ಮೇಲೊಮ್ಮೆ ಕೈಯಾಡಿಸಿಕೊಂಡರು.

"ನಾ ಗುಳಿಗೀನ ನುಂಗತೇನ್ರಿ" ಎಂದು ಎದ್ದರು. ಚಹಾ ಕುಡಿದು ಹೋಗ್ರಿ ಎಂದು ಅವ್ವ ಕರೆದರೂ ನಿಲ್ಲದೆ ಬಸ್ಸಿನ ಕಡೆ ನಡೆದುಬಿಟ್ಟರು.